ಇನ್ನೊಂದು ದಿನದ ನೀರು

ಕಾಲುವೆಗೆ ನೀರು ನಿಲ್ಲಿಸಿದ ಮೇಲೆ ಅದಕ್ಕೆ ದಿನಕ್ಕೊಂದು ವಾಸನೆ. ಮೊದಲನೆಯ ದಿನ ಒದ್ದೆ ಮಣ್ಣಿನದು, ಎರಡನೆಯ ದಿನ ಪಾಚಿಯದು. ಮೂರನೆಯ ದಿನ ಜೊಂಡು, ಏಡಿ, ಸಣ್ಣ ಮೀನು ಎಲ್ಲ ಸೇರಿ ಕೊಳೆತು ಮೂಗಿಗೆ ಹೊಡೆಯುತ್ತದೆ. ಈ ಕ್ರಮ ನನಗೆ ಬಾಯಿಪಾಠ. ಇಪ್ಪತ್ತೊಂಬತ್ತು ವರ್ಷ ನೀರಾವರಿ ಖಾತೆಯಲ್ಲಿ ನೌಕರಿ ಮಾಡಿದವನು ನಾನು.

ಹೋದ ತಿಂಗಳು ತಂಗಿಯ ಮೊಮ್ಮಗಳ ಮದುವೆಗೆಂದು ಗಂಗಾವತಿ ಹತ್ತಿರದ ಮರಳಿ ಎಂಬ ಊರಿಗೆ ಹೋಗಿದ್ದೆ. ಬಸ್ಸಿನಿಂದ ಕೆಳಗೆ ಕಾಲಿಟ್ಟ ಕೂಡಲೆ ಆ ಮೂರನೆಯ ದಿನದ ವಾಸನೆ ಬಂತು. ಈಗಿನ ಕಾಲುವೆ ಬೇರೆ. ದೊಡ್ಡ ಅಣೆಕಟ್ಟು ಬಂದ ಮೇಲೆ ತೋಡಿದ್ದು. ವಾಸನೆ ಮಾತ್ರ ಅದೇ. ಅಕ್ಷತೆ ಬಿದ್ದ ಮೇಲೆ ಊಟಕ್ಕೂ ನಿಲ್ಲದೆ ಗಂಗಾವತಿಯ ಬಸ್ಸು ಹತ್ತಿದೆ, ಅಲ್ಲಿಂದ ಆನೆಗೊಂದಿಯ ಬಸ್ಸು. ನಲವತ್ತೊಂದು ವರ್ಷ ಆ ಕಡೆ ಮುಖ ಹಾಕದಿದ್ದವನು ಯಾರಿಗೂ ಹೇಳದೆ ಹೊರಟುಬಿಟ್ಟೆ. ತಂಗಿ ಇನ್ನೂ ಬೇಸರದಲ್ಲಿದ್ದಾಳೆ. ಅವಳಿಗೆ ಕಾರಣ ಹೇಳಬೇಕಾದರೆ ನಲವತ್ನಾಲ್ಕನೆಯ ಇಸವಿಯ ಹನ್ನೊಂದು ದಿನಗಳನ್ನು ಹೇಳಬೇಕು.

ನಾನು ಕುಷ್ಟಗಿ ತಾಲೂಕಿನ ಹನುಮಸಾಗರದವನು. ಒಂಬತ್ತನೆಯ ವಯಸ್ಸಿಗೆ ತಂದೆ ನನ್ನನ್ನು ಗುಲಬರ್ಗಾದ ಒಂದು ವಸತಿ ಶಾಲೆಗೆ ಹಾಕಿದರು. ಅಲ್ಲಿ ಐದಕ್ಕೆ ಏಳುವ ಗಂಟೆ, ಐದೂಕಾಲಿಗೆ ಸ್ನಾನದ ಗಂಟೆ, ಆರಕ್ಕೆ ಓದಿನ ಗಂಟೆ. ಹಸಿವು ಗಂಟೆಗಿಂತ ಮೊದಲು ಬಂದರೆ ಅದು ಹಸಿವಿನ ತಪ್ಪು. ನೌಕರಿ ಸಿಕ್ಕಿ ಓವರ್ಸಿಯರ್ ಆದ ಮೇಲೂ ಆ ಗಂಟೆ ನನ್ನ ಒಳಗೆ ಬಾರಿಸುತ್ತಲೇ ಇತ್ತು. ಒಂದು ಜೇಬಿನಲ್ಲಿ ಗಡಿಯಾರ, ಇನ್ನೊಂದರಲ್ಲಿ ದಿನಚರಿ. ಇದರಿಂದ ನನಗೆ ಒಳ್ಳೆಯ ಹೆಸರಿತ್ತು, ಆ ಹೆಸರಿನ ಮೇಲೆ ನನಗೆ ಪ್ರೀತಿಯೂ ಇತ್ತು.

ಅದು ಯುದ್ಧದ ಕಾಲ. ತುಂಗಭದ್ರೆಗೆ ದೊಡ್ಡ ಅಣೆಕಟ್ಟು ಕಟ್ಟುತ್ತಾರೆ ಎಂಬ ಮಾತು ಗಟ್ಟಿಯಾಗುತ್ತಿತ್ತು. ಅದಕ್ಕೆ ಮುಂಚೆ ಹೊಳೆಯ ಮಡುಗಳಲ್ಲಿ, ಹಳೆಯ ಅರಸರ ಕಾಲದ ಕಾಲುವೆಯಲ್ಲಿ, ಅದು ತುಂಬಿಸುವ ಕೆರೆಗಳಲ್ಲಿ ಎಷ್ಟು ಹೂಳು ಕುಳಿತಿದೆ ಎಂದು ಅಳೆಯಲು ನನಗೆ ಹುಕುಂ ಬಂತು. ಅದಕ್ಕಾಗಿ ಒಂದು ಮೋಟಾರು ದೋಣಿ ರೈಲಿನಲ್ಲಿ ಕೊಪ್ಪಳ ಸ್ಟೇಷನ್ನಿಗೆ ಬಂದಿಳಿಯಿತು. ತಗಡಿನ ಮೈ, ಸೀಮೆಎಣ್ಣೆಯ ಎಂಜಿನ್, ನಡುವೆ ಚಾಪೆಯ ಕಮಾನು. ಜನ ಅದಕ್ಕೆ ಟುಕುಟುಕಿ ಎಂದು ಹೆಸರಿಟ್ಟರು. ಎಂಜಿನ್ ನಡೆಸುವುದನ್ನು ನಾನೇ ಕಲಿತೆ. ಕೊಪ್ಪಳದ ಕಡೆ ಹೊಳೆಗೆ ಇಳಿದು, ಆನೆಗೊಂದಿಯ ಬಳಿ ಕಾಲುವೆ ಹಿಡಿದು, ಎರಡು ಕೆರೆ ಹಾಯ್ದು ಗಂಗಾವತಿ ಮುಟ್ಟಬೇಕು. ಹತ್ತು ದಿನದ ದಾರಿ. ಗಂಗಾವತಿಗೇ ನನ್ನ ವರ್ಗವೂ ಆಗಿತ್ತು.

ನನ್ನ ಹೆಂಡತಿ ನೀಲವ್ವ ಯಲಬುರ್ಗಾ ಕಡೆಯ ತಳಕಲ್ಲಿನವಳು. ಹಿಂದಿನ ವರ್ಷ ತವರಿನಿಂದ ಎತ್ತಿನ ಗಾಡಿಯಲ್ಲಿ ಕೊಪ್ಪಳಕ್ಕೆ ಬರುವಾಗ ಅವಳ ನಾಲ್ಕು ತಿಂಗಳ ಬಸಿರು ಇಳಿದುಹೋಗಿತ್ತು. ಈಗ ಮತ್ತೆ ಮೂರು ತುಂಬಿ ನಾಲ್ಕಕ್ಕೆ ಬಿದ್ದಿತ್ತು. ಮಗಳನ್ನು ನೋಡಲು ಕೊಪ್ಪಳಕ್ಕೆ ಬಂದಿದ್ದ ಅತ್ತೆ ನನ್ನ ಎದುರು ನಿಲ್ಲುವವರಲ್ಲ. ಬಾಗಿಲ ಹಿಂದಿನಿಂದಲೇ ಹೇಳಿದರು.

“ಅಳಿಯಂದ್ರ, ಈ ಸಲ ಗಾಡಿ ಏರಸಬ್ಯಾಡ್ರಿ. ಬೇಕಾದ್ರ ಹೆಗಲ ಮ್ಯಾಲ ಹೊತಗೊಂಡು ಹೋಗ್ರಿ.”

ಒಳಗಿನಿಂದ ನೀಲವ್ವ ಅಂದಳು: “ಹೆಗಲ ಮ್ಯಾಲ ಹೊತ್ರೂ ಇವರು ನಡುವ ನಿಂತು ತಾಸು ನೋಡ್ತಾರಬೇ, ಯವ್ವಾ.”

ನೀರಿನ ಮೇಲೆ ಕುಲುಕಾಟವಿಲ್ಲ. ದೋಣಿಯಲ್ಲೇ ಕರೆದೊಯ್ಯುವುದು ಎಂದು ನಿಶ್ಚಯಿಸಿದೆ. ಸರ್ಕಾರಿ ದೋಣಿಯಲ್ಲಿ ಹೆಂಡತಿಯನ್ನು ಕೂರಿಸಲು ಅರ್ಜಿ ಬರೆದೆ. ಬರೆಯಬೇಕಾದದ್ದಕ್ಕಿಂತ ಒಂದು ಸಾಲು ಹೆಚ್ಚೇ ಬರೆದೆ: ಖಾಸಗಿ ಕಾರಣದಿಂದ ಸರ್ಕಾರಿ ಕೆಲಸ ಒಂದು ದಿನವೂ ತಡವಾಗುವುದಿಲ್ಲ ಎಂದು. ಆ ಸಾಲನ್ನು ಯಾರೂ ಕೇಳಿರಲಿಲ್ಲ. ಅನುಮತಿ ಬಂತು.

ಪುಷ್ಯ ಮಾಸದ ಒಂದು ಬೆಳಿಗ್ಗೆ ಆರಕ್ಕೆ ಹೊರಟೆವು. ಚಳಿ ಇತ್ತು, ಹೊಳೆಯ ಮೇಲೆ ಹಾಲಿನ ಕೆನೆಯಂತೆ ಮಂಜು ಕೂತಿತ್ತು. ದೋಣಿಯ ಹಿಂದೆ ಎಂಜಿನ್ ಬಳಿ ನಾನು, ಮುಂದೆ ಅಳತೆಯ ಬಿದಿರು ಹಿಡಿದು ಅವಳು. ಅಳತೆಗೆ ಒಬ್ಬ ಆಳನ್ನು ಕೊಡುತ್ತೇವೆ ಎಂದಿದ್ದರು; ಹೆಂಡತಿ ಇರುವ ದೋಣಿಯಲ್ಲಿ ಪರ ಆಳು ಬೇಡ ಎಂದು ನಾನೇ ಬಿಟ್ಟಿದ್ದೆ. ಬಿದಿರಿಗೆ ಫೂಟು, ಇಂಚಿನ ಗೆರೆ ಬರೆದಿತ್ತು. ಅವಳಿಗೆ ಅದು ಹಿಡಿಸಲಿಲ್ಲ. ಬಿದಿರು ಒದ್ದೆಯಾದಷ್ಟನ್ನು ತನ್ನ ಕೈಯಿಂದಲೇ ಅಳೆದು ಕೂಗುತ್ತಿದ್ದಳು: “ನಾಕು ಮೊಳ, ಒಂದು ಗೇಣು!” ನಾನು ಅದನ್ನು ಫೂಟಿಗೆ ತಿರುಗಿಸಿ ಬರೆದುಕೊಳ್ಳುತ್ತಿದ್ದೆ. ಎರಡನೆಯ ದಿನ ಅನುಮಾನ ಬಂದು ನಾನೇ ಬಿದಿರು ಹಾಕಿ ನೋಡಿದೆ. ಅರ್ಧ ಇಂಚೂ ವ್ಯತ್ಯಾಸವಿರಲಿಲ್ಲ.

ಒಂದು ಸಂಗತಿ ಮಾತ್ರ ನನಗೆ ವಿಚಿತ್ರವಾಗಿ ಕಂಡಿತ್ತು. ಸುತ್ತಲೂ ಹೊಳೆಯಿದೆ, ಅವಳು ರೊಟ್ಟಿ ತಟ್ಟಿದ ಕೈಯನ್ನು ಅರ್ಧ ತಂಬಿಗೆ ನೀರಿನಲ್ಲಿ ತೊಳೆದು, ಉಳಿದದ್ದರಲ್ಲಿ ತಾಟು ತೊಳೆಯುತ್ತಾಳೆ.

“ಹೊಳಿಯಾಗ ಕುಂತು ಇಷ್ಟ್ಯಾಕ ಜಿಪುಣತನ ಮಾಡ್ತೀ?” ಎಂದೆ.

“ತಳಕಲ್ಲಾಗ ಇಪ್ಪತ್ತು ಮಾರು ಹಗ್ಗ ಜಗ್ಗಿ ನೀರು ಸೇದಿದ ಕೈ ಅದಾವ್ರಿ ಇವು. ನೀರು ಭಾಳ ಐತಿ ಅಂತ ಕಣ್ಣಿಗೆ ಗೊತ್ತಾಗೈತಿ, ಕೈಗೆ ಇನ್ನೂ ಗೊತ್ತಾಗಿಲ್ಲ” ಎಂದಳು.

ಹೀಗೆ ನಾಲ್ಕು ದಿನ. ಸಂಜೆ ಐದಕ್ಕೆ ಎಂಜಿನ್ ನಿಲ್ಲಿಸಿ ದಡದ ಊರಿನ ಹತ್ತಿರ ದೋಣಿ ಕಟ್ಟುವುದು. ಆರಕ್ಕೆ ಅವಳಿಗೆ ಒಂದು ಕ್ವಿನೈನ್ ಗುಳಿಗೆ ಕೊಡುವುದು. ಗದ್ದೆ ಸೀಮೆಯ ಜ್ವರ ನನಗೆ ಗೊತ್ತಿತ್ತು, ಯುದ್ಧದ ಕಾಲದಲ್ಲೂ ಓಡಾಡಿ ಗುಳಿಗೆ ಸಂಪಾದಿಸಿಟ್ಟಿದ್ದೆ. ಕೊಟ್ಟ ಮೇಲೆ ದಿನಚರಿಯಲ್ಲಿ “ಗುಳಿಗೆ ಕೊಟ್ಟೆ” ಎಂದು ಬರೆಯುವುದು. ದಡದ ಹೆಂಗಸರು ಅವಳನ್ನು ನೋಡಲು ಬರುತ್ತಿದ್ದರು. ಒಬ್ಬಾಕೆ ನನ್ನ ಕಡೆ ಬೆರಳು ತೋರಿಸಿ, “ಇವ್ವಾ, ನಿನ ಗಂಡ ಇಡೀ ದಿವಸ ಏನ್ ಬರೀತಾನ?” ಎಂದು ಕೇಳಿದಳು. ನೀಲವ್ವ, “ನಾ ಎಷ್ಟು ಸಲ ಬೈತೀನಂತ ಲೆಕ್ಕಾ ಇಡ್ತಾರ” ಎಂದಳು. ಆ ಹೆಂಗಸರ ನಗೆ ದೋಣಿಯ ತನಕ ಕೇಳಿಸಿತು. ನಾನು ಕೇಳಿಸದವನಂತೆ ಎಂಜಿನ್ ಒರೆಸುತ್ತಿದ್ದೆ.

ಐದನೆಯ ದಿನ ಹೊಳೆ ಬಂಡೆಗಳ ನಡುವೆ ಹೋಗುವಲ್ಲಿ ದೋಣಿಯನ್ನು ಎರಡು ಗಾಡಿ ಜೋಡಿಸಿ ಹೊರಿಸಿ ಆನೆಗೊಂದಿಯ ಕಡೆಯ ಕಾಲುವೆಯ ಬಾಯಿಗೆ ತಂದೆವು. ನೀಲವ್ವ ಗಾಡಿಯ ಹಿಂದೆ ನಡೆದೇ ಬಂದಳು. ಅವಳ ನಡಿಗೆಗೆ ತಕ್ಕಂತೆ ಗಾಡಿ ಮೆಲ್ಲಗೆ ಹೋಗಬೇಕಾಯಿತು.

ಕಾಲುವೆಯ ಬಾಯಲ್ಲಿ ಎರಡು ಕಲ್ಲಿನ ಕಂಬ, ಅವುಗಳ ಸಂದಿನಲ್ಲಿ ಇಳಿಸುವ ಮರದ ಹಲಗೆಗಳು. ಎಷ್ಟು ಹಲಗೆ ತೆಗೆದರೆ ಅಷ್ಟು ನೀರು. ಎಲ್ಲ ಇಳಿಸಿ ಜಿಗುಟು ಮಣ್ಣು ಮೆತ್ತಿದರೆ ಕಾಲುವೆ ಬಂದ್. ಅದನ್ನು ಕಾಯುವ ನೀರುಗಂಟಿ ರಾಜಾಸಾಬ. ಸುಮಾರು ನನ್ನ ವಯಸ್ಸಿನವನೇ. ಅವನ ತಂದೆ, ತಾತ ಎಲ್ಲ ಅದೇ ಕೆಲಸ ಮಾಡಿದವರು. ಓದು ಬರಹ ಬಾರದು. ಕಣ್ಣು ಮುಚ್ಚಿಕೊಂಡು ನೀರಿನ ಸದ್ದು ಕೇಳಿ ಎಷ್ಟು ಹಲಗೆ ಇಳಿದಿವೆ ಎಂದು ಹೇಳುತ್ತಿದ್ದ.

ಹಿಂದೆ ಅಲ್ಲಿ ಗುರುತು ಕಳಿಸುವ ರೂಢಿ ಇತ್ತು. ಗೌಡನ ಉಂಗುರವೋ, ರುಮಾಲಿನ ಗಂಟೋ ಬಂದರೆ ನೀರುಗಂಟಿ ನೀರು ಬಿಡುತ್ತಿದ್ದ. ಆ ಕಾಲುವೆ ನನ್ನ ಕೈಗೆ ಬಂದ ವರ್ಷವೇ ನಾನು ಅದನ್ನು ನಿಲ್ಲಿಸಿದೆ. ಕಾಗದ ಬೇಕು, ಅದರ ಮೇಲೆ ಕಚೇರಿಯ ಗುಂಡನೆಯ ಮೊಹರು ಬೇಕು. ಹಿಂದಿನ ವರ್ಷ ಒಬ್ಬ ದೊಡ್ಡ ರೈತನ ಬಾಯಿಮಾತು ನಂಬಿ ಎರಡು ಹಲಗೆ ತೆಗೆದಿದ್ದಕ್ಕೆ ರಾಜಾಸಾಬನನ್ನು ಜನರೆದುರು ನಿಲ್ಲಿಸಿ ಬೈದು, ಹದಿನೈದು ದಿನ ಕೆಲಸದಿಂದ ತೆಗೆದಿದ್ದೆ. “ನಾನ ಬಂದು ಹೇಳಿದ್ರೂ ಮೊಹರಿಲ್ಲಂದ್ರ ಹಲಗಿ ಮುಟ್ಟಬ್ಯಾಡ” ಎಂದಿದ್ದೆ.

ಆ ವರ್ಷದ ಹೂಳು ತೆಗೆಯುವ ಕೆಲಸಕ್ಕೆ ಕಾಲುವೆ ಬಂದ್ ಮಾಡುವ ದಿನವನ್ನು ಮೊಹರು ಹಾಕಿದ ಕಾಗದದಲ್ಲಿ ಮೊದಲೇ ಅವನಿಗೆ ಕಳಿಸಿದ್ದೆ. ನಮ್ಮ ಪ್ರಯಾಣದ ಹತ್ತನೆಯ ದಿನವೇ ಅದು. ಸೂರ್ಯ ಹುಟ್ಟುವಾಗ ಅಲ್ಲಿ ಹಲಗೆ ಇಳಿದರೆ ಗಂಗಾವತಿಯ ಕಡೆಯ ನೀರು ಖಾಲಿಯಾಗಲು ಒಂದು ಹಗಲು ಹಿಡಿಯುತ್ತದೆ. ಅಷ್ಟರಲ್ಲಿ ನಾವು ಮುಟ್ಟಿರುತ್ತೇವೆ. ಲೆಕ್ಕ ಅಷ್ಟು ಬಿಗಿಯಾಗಿತ್ತು, ನನಗೆ ಅದರ ಹೆಮ್ಮೆಯೂ ಇತ್ತು.

“ಸೂರ್ಯ ಹುಟ್ಟೂದಕ್ಕ ಇಳೀಬೇಕು. ನೆನಪೈತಿಲ್ಲೋ?” ಎಂದೆ.

“ಸೂರ್ಯಾ ತಡಾ ಮಾಡಿದ್ರೂ ನಾ ಮಾಡಂಗಿಲ್ರಿ ಸಾಹೇಬ್ರ” ಎಂದ ರಾಜಾಸಾಬ.

ನೀಲವ್ವ ಅವನಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿ ಕೊಡುತ್ತ, “ಇವರು ಹುಟ್ಟಿದಾಗ ಅಳೂದಕ್ಕಿಂತ ಮೊದಲ ತಾಸೆಷ್ಟಾತು ಅಂತ ಕೇಳಿದ್ರಂತ, ಅಣ್ಣಾ” ಎಂದಳು.

ರಾಜಾಸಾಬ ನಗಲು ಬಾಯಿ ತೆರೆದವನು ನನ್ನ ಮುಖ ನೋಡಿ ರೊಟ್ಟಿಯ ಜೊತೆಗೇ ನಗೆಯನ್ನೂ ನುಂಗಿದ. “ನಗಸಬ್ಯಾಡ್ರಿ ಅಕ್ಕಾರ. ಈ ಸಲ ನೌಕರಿನ ಹೋಗ್ತೈತಿ.”

ಆಮೇಲೆ ರುಮಾಲಿನ ಸೆರಗಿನಿಂದ ಹಸಿ ಹುಣಸೆಕಾಯಿ ತೆಗೆದು ಅವಳ ಮುಂದಿಟ್ಟ. “ನಮ್ಮಾಕಿ ಕೊಟ್ಟಾಳ್ರಿ. ನೀವು ನಡಕೊಂಡು ಬರೂದು ದೂರಿಂದ ನೋಡಿದ್ಲು. ಹೆಣ್ಮಕ್ಕಳ ಸುದ್ದಿ ಹೆಣ್ಮಕ್ಕಳಿಗೆ ತಿಳೀತೈತಿ.”

ನೀಲವ್ವನ ಮುಖ ಕೆಂಪಾಯಿತು. ಒಂದು ಕಾಯಿಯನ್ನು ಅಲ್ಲೇ ಕಚ್ಚಿ ಕಣ್ಣು ಮುಚ್ಚಿದಳು.

“ಮುಂದ ಏನಾರ ಬೇಕಾದ್ರ ಹೇಳಿ ಕಳಸ್ರಿ ಅಕ್ಕಾರ” ಎಂದ.

“ಮೊಹರು ಹಾಕಿಸಿ ಕಳಸ್ಬೇಕೇನು?”

“ಮೊಹರು ಸಾಹೇಬ್ರಿಗೆರಿ. ನಿಮ್ಮದು ಬರೇ ಮಾತು ಸಾಕು.”

ನಾನು ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷ ತಡವಾಗಿತ್ತು.

ಕಾಲುವೆ ಕಿರಿದು. ಎರಡೂ ಕಡೆಯ ಭತ್ತದ ಗದ್ದೆ ದೋಣಿಗಿಂತ ಕೆಳಗಿತ್ತು. ಕೊಯ್ಲಾದ ಕೂಳೆಯ ಮೇಲೆ ಬೆಳ್ಳಕ್ಕಿ ನಡೆಯುತ್ತಿದ್ದವು. ಟುಕುಟುಕಿಯ ಸದ್ದಿಗೆ ಗದ್ದೆಯವರು ಏರಿ ಹತ್ತಿ ಬಂದು ನಿಲ್ಲುತ್ತಿದ್ದರು. ಏಳನೆಯ ದಿನ ದೊಡ್ಡ ಕೆರೆಗೆ ಬಂದೆವು. ಆ ಕೆರೆಯ ನಡುವೆ ಒಂದು ಬಂಡೆ, ಬಂಡೆಯ ಸುತ್ತ ತಾವರೆ ಎಲೆ. ಅಳತೆ ಮುಗಿಯಿತು. ಹೊರಡಬೇಕು. ನೀಲವ್ವ ಬಿದಿರನ್ನು ಅಡ್ಡ ಮಲಗಿಸಿ, ದೋಣಿಯ ಅಂಚಿಗೆ ಒರಗಿ, ಒಂದು ಕೈಯನ್ನು ಪೂರ್ತಿ ಮೊಣಕೈಯವರೆಗೆ ನೀರಿಗೆ ಬಿಟ್ಟು ಕುಳಿತಿದ್ದಳು. ಮೊದಲ ಸಲ.

“ಇನ್ನರ್ಧಾ ತಾಸು ಇರೂಣ್ರಿ” ಎಂದಳು.

“ಯಾಕ?”

“ಕೈಗೆ ಈಗ ಗೊತ್ತಾಗಾಕತ್ತೈತಿ.”

ಇದ್ದೆವು. ಎಂಜಿನ್ ನಿಲ್ಲಿಸಿದೆ. ಗಾಳಿಗೆ ದೋಣಿ ತಾನಾಗಿ ತಿರುಗುತ್ತಿತ್ತು. ಹುಟ್ಟುವ ಕೂಸಿಗೆ ಏನು ಹೆಸರಿಡುವುದು ಎಂದು ಅವಳು ಕೇಳಿದಳು. ಹೆಣ್ಣಾದರೆ ಗಂಗವ್ವ ಎಂದೆ. “ಗಂಡಾದ್ರ ಮೊಹರಪ್ಪ” ಎಂದು ಅವಳು ನಕ್ಕಳು. ನಾನೂ ನಕ್ಕೆ. ಆ ದಿನದ ದಿನಚರಿಯಲ್ಲಿ “ಎಂಜಿನ್ ತಣಿಸಲು ಅರ್ಧ ತಾಸು” ಎಂದು ಬರೆದೆ. ಎಂಜಿನ್ ಕಾದಿರಲಿಲ್ಲ. ನನ್ನ ನೌಕರಿಯಲ್ಲಿ ನಾನು ಬರೆದ ಸುಳ್ಳು ಅದೊಂದೇ ಎಂದು ಬಹಳ ವರ್ಷ ನಂಬಿದ್ದೆ.

ಎಂಟನೆಯ ದಿನದ ಸಂಜೆ ಅವಳು “ಸ್ವಲ್ಪ ಚಳಿ ಐತಿ” ಎಂದು ಎರಡು ಕೌದಿ ಹೊದ್ದಳು. ಒಂಬತ್ತನೆಯ ದಿನ ಬೆಳಿಗ್ಗೆ ಎಂಜಿನ್ ಹಚ್ಚಿ ಅರ್ಧ ಮೈಲಿ ಹೋಗುವಷ್ಟರಲ್ಲಿ ಅವಳ ಹಲ್ಲು ಕಟಕಟ ಅನ್ನತೊಡಗಿತು. ಎಂಜಿನ್ನಿನ ನಡುಕಕ್ಕೆ ವಾಂತಿ. ನಿಲ್ಲಿಸಿದೆ. ದಡದಲ್ಲಿ ಊರಿಲ್ಲ, ಗಾಡಿಯ ದಾರಿಯಿಲ್ಲ, ಗದ್ದೆಯ ಬದುಗಳಷ್ಟೇ. ಸಮೀಪದ ಡಾಕ್ಟರು ಗಂಗಾವತಿಯಲ್ಲಿ.

“ಯಾರಿಗಾರ ಹೇಳಿ ಗಾಡಿ ತರಸ್ಲೇನು?” ಎಂದು ಕೇಳಿದೆ.

“ಗಾಡಿ ಒಲ್ಲೆ” ಎಂದಳು. ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಿದ್ದಳು. “ಇವತ್ತೊಂದಿನ ಮಲಗಿರ್ತೀನಿ. ಬಿಡ್ತೈತಿ. ನಾಳೆ ದೋಣ್ಯಾಗ ಹೋಗೂಣು.”

ಒಂದು ದಿನ ನಿಂತರೆ, ನಾಳೆ ಹಲಗೆ ಇಳಿದು, ಗಂಗಾವತಿ ಮುಟ್ಟುವ ಮೊದಲೇ ನೀರು ಬತ್ತುತ್ತದೆ. ಇನ್ನೊಂದು ದಿನದ ನೀರು ಬೇಕು. ಅಷ್ಟೇ ಬೇಕಾಗಿದ್ದದ್ದು. ಪಕ್ಕದ ಗದ್ದೆಯಲ್ಲಿ ಯಂಕೋಬ ಎಂಬ ರೈತ ಬದು ಕಟ್ಟುತ್ತಿದ್ದ. ಕರೆದೆ. ಸಂಜೆಯೊಳಗೆ ಕಾಲುವೆಯ ಬಾಯಿಗೆ ಮುಟ್ಟುತ್ತೇನೆ ಎಂದ. ಪೆಟ್ಟಿಗೆಯ ಮೇಲೆ ಕಾಗದ ಇಟ್ಟು, ಹುಕುಂ ಹೇಗೆ ಬರೆಯಬೇಕೋ ಹಾಗೆ, ಆಗಿನ ಕಚೇರಿಯ ಭಾಷೆಯಾದ ಉರ್ದುವಿನಲ್ಲಿ ಬರೆದು ಸಹಿ ಮಾಡಿದೆ. ಮೊಹರು ಕಚೇರಿಯ ಸಾಮಾನಿನ ಜೊತೆ ಮುಂದಾಗಿ ಗಂಗಾವತಿಗೆ ಹೋಗಿತ್ತು. ಮೊಹರನ್ನು ಪ್ರವಾಸದಲ್ಲಿ ಒಯ್ಯಬಾರದು ಎಂಬುದು ನಾನೇ ಮಾಡಿದ ನಿಯಮ. ನನ್ನ ಸಹಿ ಗುರುತು ಹಿಡಿದಾನು ಎಂದುಕೊಂಡೆ. ಓದು ಬಾರದವನಿಗೆ ಎಲ್ಲ ಸಹಿಯೂ ಒಂದೇ ಎಂಬುದು ಹೊಳೆಯಲಿಲ್ಲ.

ಕೌದಿಯೊಳಗಿನಿಂದ ನೀಲವ್ವ ಅಂದಳು: “ನಿಮ್ಮ ಗಡಿಯಾರ ಕೊಟ್ಟು ಕಳಸ್ರಿ. ರಾಜಾಸಾಬಣ್ಣ ಅದರ ಗುರುತು ಹಿಡೀತಾನ.”

“ಗುರುತು ಕಳಸೂದು ನಾನ ಬಂದ್ ಮಾಡೀನಿ” ಎಂದೆ.

ಯಂಕೋಬ ಕಾಗದವನ್ನು ರುಮಾಲಿಗೆ ಸಿಕ್ಕಿಸುತ್ತ ಚಾಪೆಯ ಕಮಾನಿನ ಕಡೆ ನೋಡಿದ. “ಒಳಗ ಯಾರರ ಅದಾರೇನ್ರಿ, ಸಾಹೇಬ್ರ? ನರಳಿದಂಗಾತು.”

ಪರ ಗಂಡಸಿನ ಮುಂದೆ ಹೆಂಡತಿಯ ಮಾತು ತೆಗೆಯುವುದು ನನಗೆ ಗೊತ್ತಿರಲಿಲ್ಲ. ಅದರಲ್ಲೂ ಬಸಿರಿನ ಮಾತು. “ನಿನಗ್ಯಾಕ ಅದು? ಸರ್ಕಾರಿ ಕೆಲಸ ಐತಿ. ಕಾಗದ ಮುಟ್ಟಿಸು, ನಡಿ” ಎಂದೆ.

ಅವನು ಏರಿಯ ಮೇಲೆ ದೊಡ್ಡ ಹೆಜ್ಜೆ ಹಾಕುತ್ತ ಹೋದದ್ದನ್ನು ನೋಡುತ್ತ ನಿಂತೆ. ಏಳೂವರೆ. ಬರೆದುಕೊಂಡೆ.

ಹತ್ತನೆಯ ದಿನ ಬೆಳಿಗ್ಗೆ ಜ್ವರ ಇಳಿದಂತೆ ಕಂಡಿತು. ಎರಡು ಗುಟುಕು ಗಂಜಿ ಕುಡಿದಳು. ಮಧ್ಯಾಹ್ನದ ತನಕ ಮಲಗಿಸಿ ಆಮೇಲೆ ಎಂಜಿನ್ ಹಚ್ಚಿದೆ. ಹಲಗೆ ಇಳಿದಿರಲಾರದು ಎಂದು ನಂಬಿದ್ದೆ. ಸುಮಾರು ಮೂರು ಗಂಟೆಗೆ ಏರಿಯ ಕಲ್ಲುಗಳ ಮೇಲೆ ಒದ್ದೆಯ ಗೆರೆ ಕಂಡಿತು. ನೀರಿನ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲೆ. ನೀಲವ್ವನೇ ಮೊದಲು ನೋಡಿದ್ದು. ಮಲಗಿದಲ್ಲಿಂದಲೇ ಅಂದಳು: “ನೀರು ಇಳ್ಯಾಕತ್ತೈತ್ರಿ.” ಸ್ವಲ್ಪ ಹೊತ್ತಿಗೆ: “ಒಂದು ಗೇಣು.” ಮತ್ತೆ ಸ್ವಲ್ಪ ಹೊತ್ತಿಗೆ: “ಗೇಣು, ಮ್ಯಾಲ ನಾಕು ಬೆರಳು.” ಅಳತೆ ಕೂಗುವ ಅದೇ ದನಿ, ಬಹಳ ಸಣ್ಣಗಾಗಿತ್ತು. ನಾಲ್ಕೂವರೆಗೆ ದೋಣಿಯ ತಳ ಕೆಸರಿಗೆ ಕೂತು ಒಂದು ಕಡೆ ವಾಲಿತು. ಎಂಜಿನ್ ಎಷ್ಟು ಕೂಗಿದರೂ ಅಲುಗಲಿಲ್ಲ. ಆಗಲೇ ಯಂಕೋಬ ಏರಿಯ ಮೇಲೆ ಓಡುತ್ತ ಬಂದ.

“ಮೊಹರಿಲ್ಲ ಅಂದ್ರಿ ಆ ಸಾಬಾ. ಕಾಗದ ಎಲ್ಲಾ ಕಡೆ ಹೊಳ್ಳಿಸಿ ನೋಡಿದ. ‘ಸಾಹೇಬ್ರು ಮತ್ತ ನನ್ನ ಪರೀಕ್ಷಾ ಮಾಡಾಕತ್ತಾರ, ಈ ಸಲ ನಾ ತಪ್ಪಂಗಿಲ್ಲ’ ಅಂದ. ಸೂರ್ಯ ಹುಟ್ಟೂತ್ಲೆ ಹಲಗಿ ಇಳಿಸಿದ.”

ಆಗ ಮಾತ್ರ ನಾನು ಅವನಿಗೆ ಕಮಾನಿನ ಒಳಗೆ ತೋರಿಸಿದೆ. ಅವನು ಇಣುಕಿ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ. ಓಡಿಹೋಗಿ ತನ್ನ ಊರಿನಿಂದ ಮೂವರನ್ನು, ಒಂದು ಹೊರಸನ್ನು ತಂದ. ಹೊರಸಿನ ಮೇಲೆ ಮಲಗಿಸಿ ನಾಲ್ವರು ಹೆಗಲ ಮೇಲೆ ಹೊತ್ತರು. ಅತ್ತೆಯ ಮಾತು ಹೀಗೆ ನಿಜವಾಯಿತು. ಗದ್ದೆಯ ಬದುಗಳ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಬಹುದು, ಇಬ್ಬರು ಜೊತೆಯಾಗಿ ನಡೆಯಲಾಗದು. ಹೊರಸಿನವರು ಕೆಸರಿಗೇ ಇಳಿದು ನಡೆದರು. ಜ್ವರ ಮತ್ತೆ ಏರಿತ್ತು. ಅವಳು ಒಮ್ಮೆ ನನ್ನ ಕೈ ಹುಡುಕಿದಳು. ಆ ಕೈಯಲ್ಲಿ ಗಡಿಯಾರ ಇತ್ತು. ಜೇಬಿಗೆ ಹಾಕಿ ಕೈ ಕೊಟ್ಟೆ.

“ತಾಸೆಷ್ಟಾತ್ರಿ?” ಎಂದಳು. ಚೇಷ್ಟೆಯೋ, ನಿಜವಾಗಿ ಕೇಳಿದಳೋ ತಿಳಿಯಲಿಲ್ಲ. ಗೊತ್ತಿಲ್ಲ ಎಂದೆ. ಅಂಥ ಉತ್ತರ ನಾನು ಜೀವನದಲ್ಲಿ ಮೊದಲ ಸಲ ಕೊಟ್ಟದ್ದು.

ಹನ್ನೊಂದನೆಯ ದಿನದ ಬೆಳಿಗ್ಗೆ, ಗಂಗಾವತಿಯ ಮನೆಗಳು ಕಾಣುವ ಏರಿಯ ಮೇಲೆ ಅವಳು ಹೋದಳು. ಹೊರಸು ಹೊತ್ತ ಹಿಂದಿನವನಿಗೆ ಮೊದಲು ಗೊತ್ತಾಯಿತು. ಭಾರ ಬೇರೆ ಆಯಿತು ಎಂದ. ಅವಳ ಜೊತೆಗೆ ಆ ನಾಲ್ಕು ತಿಂಗಳಿನದೂ ಹೋಯಿತು. ಅಂದೇ ಮಣ್ಣು ಮಾಡಿದೆವು.

ದೋಣಿಯ ಸಾಮಾನು ತಂದಾಗ ಉಪ್ಪಿನ ಡಬ್ಬಿಯಲ್ಲಿ ಒಂಬತ್ತು ಗುಳಿಗೆ ಸಿಕ್ಕವು. ಬಸಿರಿಗೆ ಕ್ವಿನೈನ್ ಆಗುವುದಿಲ್ಲ ಎಂದು ದಡದ ಹೆಂಗಸರು ಹೇಳಿದ್ದರೋ, ಅವಳ ತಾಯಿ ಹೇಳಿದ್ದರೋ. ನನ್ನ ದಿನಚರಿಯಲ್ಲಿ ಒಂಬತ್ತು ಸಲ “ಗುಳಿಗೆ ಕೊಟ್ಟೆ” ಎಂದಿದೆ. ತಗೊಂಡಳೇ ಎಂಬುದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ.

ಮೂರನೆಯ ದಿನ ಕಾಲುವೆಯ ವಾಸನೆ ಊರಿಗೆಲ್ಲ ಹಬ್ಬಿದಾಗ ರಾಜಾಸಾಬ ಬಂದ. ರುಮಾಲು ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತ.

“ಹುಕುಂ ಪ್ರಕಾರ ಮಾಡೀದಿ. ನಿಂದೇನೂ ತಪ್ಪಿಲ್ಲ. ಹೋಗು” ಎಂದೆ.

ಬಾಯಿ ಹಾಗೆ ಅಂದಿತು. ಮನಸ್ಸು ಮಾತ್ರ ಒಂದು ಗುಂಡು ಮೊಹರಿಗಾಗಿ ಇವನು ಎರಡು ಜೀವ ತೆಗೆದ ಎಂದಿತು. ತಿಂಗಳೊಳಗೆ ಬೀದರ ಕಡೆಗೆ ವರ್ಗ ಮಾಡಿಸಿಕೊಂಡೆ. ಮತ್ತೆ ಮದುವೆಯಾಗಲಿಲ್ಲ. ರಾಜ್ಯ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು, ನಾವು ಅಳೆದ ಹೊಳೆಯ ಮಡುಗಳ ಮೇಲೆ ಅಣೆಕಟ್ಟಿನ ನೀರು ನಿಂತಿತು. ಬೆಳಿಗ್ಗೆ ಐದಕ್ಕೆ ಏಳುವುದು, ಆರಕ್ಕೆ ಬರೆಯುವುದು ಬಿಡಲಿಲ್ಲ. ಅಷ್ಟು ವರ್ಷವೂ ಆ ಮನುಷ್ಯನನ್ನು ಒಳಗೊಳಗೆ ಕ್ಷಮಿಸಲಿಲ್ಲ.

ಹೋದ ತಿಂಗಳು ಆ ವಾಸನೆ ನನ್ನನ್ನು ಎಳೆದುಕೊಂಡು ಹೋದದ್ದು ಅವನ ಮನೆಗೆ. ಅವನ ಎದುರು ನಿಂತು ಒಂದು ಸಲ ಬಾಯಿಬಿಟ್ಟು ಕೇಳಬೇಕಿತ್ತು: ನನ್ನ ಕಾಗದ ನೋಡಿಯೂ ಹೇಗೆ ಇಳಿಸಿದೆಯೋ ಹಲಗೆ?

ಕಲ್ಲಿನ ಕಂಬಗಳು ಈಗಲೂ ಇವೆ. ಅಲ್ಲಿಂದ ಕೂಗಳತೆಯಲ್ಲಿ ಅವನ ಮನೆ. ಕಟ್ಟೆಯ ಮೇಲೆ ಕುಳಿತಿದ್ದ. ಕಣ್ಣಿಗೆ ಪೊರೆ ಬಂದಿತ್ತು. ನನ್ನ ಹೆಜ್ಜೆಯ ಸದ್ದು ಕೇಳಿಯೇ ಎದ್ದು ನಿಂತ.

“ಓವರ್ಸಿಯರ್ ಸಾಹೇಬ್ರು” ಎಂದ. ಕೇಳಲಿಲ್ಲ, ಹೇಳಿದ.

ಕೂರಿಸಿದ. ಸೊಸೆ ತಂಬಿಗೆಯಲ್ಲಿ ನೀರು ತಂದಿಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಅವನು ಒಳಗೆ ಹೋಗಿ ತಗಡಿನ ಪೆಟ್ಟಿಗೆ ತಡವಿ, ಬಟ್ಟೆಯಲ್ಲಿ ಸುತ್ತಿದ ಒಂದು ಕಾಗದ ತಂದ. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗುವಂತಿತ್ತು. ನನ್ನ ಅಕ್ಷರ.

“ಇದನ್ನ ಯಾರಿಗೂ ಓದಾಕ ಕೊಟ್ಟಿಲ್ರಿ” ಎಂದ. “ಮಸೀದಿ ಹಜರತ್ರು ಓದ್ತಿದ್ರು. ಕೇಳಾಕ ಧೈರ್ಯ ಆಗ್ಲಿಲ್ಲ. ನೀವು ಇದರಾಗ ಅಕ್ಕನ ಸುದ್ದಿ ಬರದಿರ್ತೀರಿ. ಅಕ್ಕಗ ಜ್ವರಾ, ಇನ್ನೊಂದಿನ ನೀರು ಬಿಡೋ ಅಂತ ಕೈಮುಗದು ಬರದಿರ್ತೀರಿ. ನಾ ಅಕ್ಷರ ಬರದ ಕುರುಡ, ಬರೇ ಮೊಹರು ಹುಡುಕಿದೆ. ಓದಾಕ ಬಂದಿದ್ರ ಹಲಗಿ ಯಾಕ್ರಿ, ಆ ಕಂಬಾನ ಕಿತ್ತ ಒಗೀತಿದ್ದೆ. ಆವತ್ತಿನಿಂದ ನಾ ಹಲಗಿ ಮುಟ್ಟಿಲ್ಲ. ಕೂಲಿ ಮಾಡಿ ತಿಂದೆ.” ಕಾಗದವನ್ನು ನನ್ನ ಕೈಗಿಟ್ಟ. “ಇನ್ನ ಎಷ್ಟ ದಿವಸ ಇರ್ತೀನಿ. ಓದಿಬಿಡ್ರಿ ಸಾಹೇಬ್ರ. ಅಕ್ಕನ ಸುದ್ದಿ ಹೆಂಗ ಬರದಿದ್ರಿ, ಒಂದ್ ಸಲ ಕೇಳ್ತೀನಿ.”

ಕನ್ನಡಕ ಹಾಕಿಕೊಂಡೆ. ನಾನು ಏನು ಬರೆದಿದ್ದೆ ಎಂಬುದನ್ನು ನಲವತ್ತೊಂದು ವರ್ಷ ಒಮ್ಮೆಯೂ ನೆನೆಸಿಕೊಂಡಿರಲಿಲ್ಲ. ಇಲ್ಲದ ಮೊಹರನ್ನಷ್ಟೇ ನೆನೆದಿದ್ದೆ. ಅಕ್ಷರ ಒಂದೂ ನಡುಗಿರಲಿಲ್ಲ, ಸಾಲು ಒಂದೂ ಸೊಟ್ಟಗಾಗಿರಲಿಲ್ಲ. ಬೇಕಾದರೆ ಅಲ್ಲಿ ಇಲ್ಲದ್ದನ್ನು ಓದಬಹುದಿತ್ತು. ಅವನಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಅವನು ಮಾಡದ ತಪ್ಪು ಅವನ ಹೆಗಲ ಮೇಲೆಯೇ ಉಳಿಯುತ್ತಿತ್ತು. ಇದ್ದದ್ದನ್ನು ಇದ್ದಂತೆ ಕನ್ನಡದಲ್ಲಿ ಹೇಳಿದೆ.

“ಕಾಲುವೆಯ ಬಾಯಿಯ ನೀರುಗಂಟಿಗೆ. ವಿಷಯ: ಹಲಗೆ ಇಳಿಸುವುದನ್ನು ಮುಂದೂಡುವುದು. ಸರ್ಕಾರಿ ಅಳತೆಯ ಕೆಲಸ ಬಾಕಿ ಇರುವುದರಿಂದ ಇನ್ನೊಂದು ದಿನ ನೀರು ಹರಿಯಬೇಕು. ಹುಕುಂ ಪ್ರಕಾರ ನಡೆಯತಕ್ಕದ್ದು.”

ಅವನು ಕಿವಿಯನ್ನು ನನ್ನ ಕಡೆಗೇ ಇಟ್ಟುಕೊಂಡು ಕಾದ.

“ಮುಂದ?”

“ಮುಂದ ನನ್ನ ಸಹಿ.”

“ಅಕ್ಕನ ಸುದ್ದಿ?”

“ಬರದಿಲ್ಲ.”

“ಆ ರೈತನ ಕೂಡ ಬಾಯಿಲೆ ಹೇಳಿ ಕಳಿಸಿದ್ರೇನ್ರಿ?”

“ಇಲ್ಲ.”

ಅವನು ಕಲ್ಲಿನ ಕಂಬಗಳ ಕಡೆ ಮುಖ ತಿರುಗಿಸಿದ. ಆಮೇಲೆ ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಹಳೆಯ ಮಡಿಕೆಗಳ ಮೇಲೆಯೇ ಬೆರಳಾಡಿಸಿ ಹರಿಯದಂತೆ ಮಡಚಿ, ಅದೇ ಬಟ್ಟೆಯಲ್ಲಿ ಸುತ್ತಿದ. ಸುತ್ತಿ ನನ್ನ ಅಂಗೈ ಬಿಡಿಸಿ ಅದರಲ್ಲಿಟ್ಟು ಬೆರಳು ಮುಚ್ಚಿದ.

“ಹಂಗಾರ ಇದು ನಂದಲ್ರಿ” ಎಂದ. “ಇಷ್ಟ ವರ್ಷ ನಾ ಇಟ್ಕೊಂಡಿದ್ದೆ. ಇನ್ನ ನೀವು ಇಟ್ಕೋರಿ.”